ಅರುಂಧತಿ ಕಂಡಳೇ?

ನಮ್ಮ ಮದುವೆಗಳಲ್ಲಿ ಎಲ್ಲರೂ ಒಟ್ಟಾಗಿ, ಯಾರಿಗೂ ಪಾಪ ತಟ್ಟದಂತೆ ಹೇಳುವ ಒಂದು ಸುಳ್ಳಿದೆ. ಮಾಂಗಲ್ಯಧಾರಣೆಯಾಗಿ, ಸಪ್ತಪದಿ ಮುಗಿದು, ಊಟದ ಪಂಕ್ತಿಯಲ್ಲಿ ಬಾಳೆಲೆ ಹಾಸುವ ಸದ್ದು ಕೇಳಿಬರುವ ಹೊತ್ತಿಗೆ ಪುರೋಹಿತರು ವಧೂವರರನ್ನು ಅಂಗಳಕ್ಕೆ ಕರೆತರುತ್ತಾರೆ. ನೆತ್ತಿಯ ಮೇಲೆ ವೈಶಾಖದ ಬಿಸಿಲು. ಭಟ್ಟರು ಉತ್ತರ ದಿಕ್ಕಿಗೆ ಬೆರಳು ತೋರಿ, "ಅರುಂಧತಿ ಕಂಡಿತೇ?" ಎಂದು ಕೇಳುತ್ತಾರೆ. ಬೆರಳಿನ ತುದಿಯಲ್ಲಿರುವುದು ಹೆಚ್ಚಾಗಿ ಒಂದು ತೆಂಗಿನ ಮರ. ವರನು ಕಣ್ಣು ಕಿರಿದು ಮಾಡಿ "ಕಂಡಿತು" ಎನ್ನುತ್ತಾನೆ. ವಧುವು ತಲೆಯಾಡಿಸುತ್ತಾಳೆ. ಫೋಟೋ ತೆಗೆಯುವವನು ಮಾತ್ರ ತೃಪ್ತನಾಗದೆ "ಇನ್ನೊಮ್ಮೆ ನೋಡಿ" ಎನ್ನುತ್ತಾನೆ. ಅವರು ಇನ್ನೊಮ್ಮೆ ನೋಡುತ್ತಾರೆ.

ಗೃಹ್ಯಸೂತ್ರಗಳು ಈ ದರ್ಶನವನ್ನು ವಿಧಿಸಿರುವುದು ರಾತ್ರಿಗೆ. ನಕ್ಷತ್ರಗಳು ಮೂಡಿದ ಮೇಲೆ ಧ್ರುವನನ್ನೂ ಅರುಂಧತಿಯನ್ನೂ ತೋರಿಸಬೇಕು. ಮದುವೆಯ ಮುಹೂರ್ತ ಹಗಲಿಗೆ ಬಂತು, ಮಂಟಪದ ಬಾಡಿಗೆ ಸಂಜೆಗೆ ಮುಗಿಯಿತು. ಆದ್ದರಿಂದ ನಕ್ಷತ್ರವೂ ಹಗಲಿಗೇ ಬರಬೇಕಾಯಿತು. ಇದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಭಟ್ಟರು ಬೆರಳು ತೋರಿದ ಆ ಕ್ಷಣದಲ್ಲಿ ಅರುಂಧತಿ ನಿಜವಾಗಿ ಎಲ್ಲಿರುತ್ತಾಳೆ ಎಂಬ ಕುತೂಹಲ ಮಾತ್ರ ನನಗೆ ಬಹಳ ಕಾಲದಿಂದ ಇತ್ತು. ಕನ್ನಡ ಎಂ. ಎ. ಮಾಡಿದವನಿಗೆ ಗೋಳೀಯ ತ್ರಿಕೋನಮಿತಿ ಬಾರದು. ನನ್ನ ಕುತೂಹಲವನ್ನು ತಣಿಸಿದ್ದು ಒಂದು ತಂತ್ರಾಂಶ.

ಅದರ ಹೆಸರು ಸ್ಟೆಲ್ಲೇರಿಯಮ್. ಫ್ರಾನ್ಸಿನ ಫಾಬಿಯೆನ್ ಶೆರೋ ಎಂಬಾತ 2000ದಲ್ಲಿ ಆರಂಭಿಸಿದ ಕೆಲಸ. ಅನೇಕ ದೇಶಗಳ ಆಸಕ್ತರ ಕೈ ಸೇರಿ ಬೆಳೆದು ಇಂದು ಬೇಕಾದವರಿಗೆಲ್ಲ ಉಚಿತವಾಗಿ ದೊರೆಯುತ್ತದೆ. ಸ್ಥಳ, ದಿನ, ಗಳಿಗೆ ಇಷ್ಟನ್ನು ತಿಳಿಸಿದರೆ ಆ ಹೊತ್ತಿನ ಆಕಾಶವನ್ನು ಲ್ಯಾಪ್‌ಟಾಪಿನ ಪರದೆಯ ಮೇಲೆ ಹರಡಿಕೊಡುತ್ತದೆ. ಪುತ್ತೂರಿನ ಅಕ್ಷಾಂಶ ಹದಿಮೂರು ಡಿಗ್ರಿಗೆ ತುಸು ಕಡಮೆ. ಮೇ ತಿಂಗಳ ನಡುವಿನ ಒಂದು ಮಧ್ಯಾಹ್ನವನ್ನು ಕೊಟ್ಟೆ. ನೀಲಿ ಬಾನು, ಸೂರ್ಯ, ಮತ್ತೇನೂ ಇಲ್ಲ. ಇದರಲ್ಲಿ 'ಎ' ಅಕ್ಷರವನ್ನು ಒತ್ತಿದರೆ ವಾಯುಮಂಡಲ ಮಾಯವಾಗಿ ಹಗಲಿನಲ್ಲೇ ನಕ್ಷತ್ರಗಳು ತೋರುತ್ತವೆ. ಒತ್ತಿದೆ; ಅರುಂಧತಿ ಇಲ್ಲ. 'ಜಿ' ಒತ್ತಿದರೆ ಕಾಲ ಕೆಳಗಿನ ಭೂಮಿಯೇ ಇಲ್ಲವಾಗುತ್ತದೆ. ಒತ್ತಿದೆ; ಅಲ್ಲಿದ್ದಳು, ದಿಗಂತಕ್ಕಿಂತ ಹದಿನೇಳು ಡಿಗ್ರಿ ಕೆಳಗೆ! ಆ ದಿನ ಆಕೆ ಈಶಾನ್ಯದಲ್ಲಿ ಉದಯಿಸುವುದು ಮಧ್ಯಾಹ್ನ ಮೂರರ ಸುಮಾರಿಗೆ, ಪಾಯಸವೂ ಮುಗಿದು ನೆಂಟರು ಬಸ್ಸಿಗೆ ಹೊರಟ ಮೇಲೆ. ಉತ್ತರದಲ್ಲಿ ನೆತ್ತಿಗೇರಿ ನಿಲ್ಲುವುದು ರಾತ್ರಿ ಹತ್ತೂವರೆಗೆ. ಭಟ್ಟರು ತೆಂಗಿನ ಮರದ ತುದಿಯನ್ನಲ್ಲ, ಅದರ ಬೇರನ್ನು ತೋರಿಸಬೇಕಿತ್ತು.

ಆಕಾಶವು ತಲೆಯ ಮೇಲೆ ತೆರೆದೇ ಇರುವಾಗ ಅದರ ಚಿತ್ರವನ್ನು ಯಂತ್ರದಲ್ಲಿ ನೋಡುವುದೇಕೆ ಎಂದು ಬಯಲುಸೀಮೆಯವರು ಕೇಳಬಹುದು. ನಮ್ಮ ಕಡೆಯವರು ಕೇಳಲಾರರು. ಪುತ್ತೂರು, ಸುಳ್ಯ, ಈಗ ತಾಲೂಕೆನಿಸಿಕೊಂಡ ಕಡಬ, ಈ ಮೂರರಲ್ಲಿಯೂ ಗುಡ್ಡದ ನಡುವಿನ ತಗ್ಗಿನಲ್ಲಿ ತೋಟ, ತೋಟದ ತಲೆಯಲ್ಲಿ ಮನೆ. ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ ಹದಿಮೂರು ಡಿಗ್ರಿಯಷ್ಟೇ ಮೇಲಿರುತ್ತದೆ. ಕೈಚಾಚಿ ಹಿಡಿದ ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು. ಅಡಿಕೆ ಮರದ ಚಂಡೆಯೇ ಅದನ್ನು ಮುಚ್ಚುತ್ತದೆ. ಹುಟ್ಟಿದಂದಿನಿಂದ ಧ್ರುವನನ್ನು ಕಾಣದ ಜನ ಇಲ್ಲಿ ಎಷ್ಟೋ ಇದ್ದಾರೆ. ಜೂನಿನಿಂದ ನಾಲ್ಕು ತಿಂಗಳು ಮಳೆ; ಆಗ ಆಕಾಶವೆಂದರೆ ನೀರು ಬರುವ ಜಾಗ, ಅಷ್ಟೆ. ಇದೇ ಪುತ್ತೂರಿನ ಬಾಲವನದಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಬರೆದರು. ವಿಶ್ವದ ಸಂಗತಿಯನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು. ಅದನ್ನು ಓದಿ ಅಂಗಳಕ್ಕಿಳಿದವರಿಗೆ ಕಾಣುತ್ತಿದ್ದುದು ಮಾತ್ರ ಮರಗಳ ನಡುವಿನ ಒಂದು ತುಂಡು ಬಾನು.

ಆ ತುಂಡು ಬಾನಿನಲ್ಲಿಯೇ ನನಗೆ ನಕ್ಷತ್ರಗಳನ್ನು ತೋರಿಸಿದವರು ನನ್ನ ಸೋದರಮಾವ. ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ, ಕುಮಾರಧಾರೆಗೆ ದೂರವಲ್ಲದ ಒಂದು ತೋಟದ ಮನೆ ಅವರದು. ಪ್ರಾಥಮಿಕ ಶಾಲೆಯ ಅಧ್ಯಾಪಕರಾಗಿ ನಿವೃತ್ತರಾದವರು. ತಾಳಮದ್ದಳೆಯ ಹುಚ್ಚು ವಿಪರೀತ. ಬೇಸಗೆಯ ರಜೆಯಲ್ಲಿ ಅಡಿಕೆ ಹರಡಿದ ಅಂಗಳದ ಬದಿಗೆ ಚಾಪೆ ಹಾಕಿ ಮಲಗಿಸಿ ಸಪ್ತರ್ಷಿಗಳನ್ನು ಹೆಸರು ಹಿಡಿದು ಕರೆಯುತ್ತಿದ್ದರು: ಕ್ರತು, ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಮರೀಚಿ. ತರಗತಿಯಲ್ಲಿ ಹಾಜರಿ ಕರೆದ ಹಾಗೆ. ವಸಿಷ್ಠನ ಪಕ್ಕದಲ್ಲಿ, ಕಣ್ಣು ಪಳಗಿದವರಿಗೆ ಮಾತ್ರ ತೋರುವ ಸಣ್ಣ ಚುಕ್ಕೆ ಅರುಂಧತಿ. ಅದು ಕಂಡವನಿಗೆ ಒಂದು ತುಂಡು ಬೆಲ್ಲ.

ಅಕ್ಕನ ಮಗಳ ಮದುವೆ ಪುತ್ತೂರಿನಲ್ಲಾಯಿತು. ಮೇ ತಿಂಗಳು, ಮಧ್ಯಾಹ್ನದ ಮುಹೂರ್ತ. ಭಟ್ಟರು ವಾಡಿಕೆಯಂತೆ ತೋರಿಸಿದರು, ಮಕ್ಕಳು ವಾಡಿಕೆಯಂತೆ ಕಂಡರು. ಸುತ್ತ ನಿಂತವರೂ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, "ಹೌದು, ಹೌದು" ಎಂದು ನಕ್ಕರು. ನನ್ನ ಬದಿಯಲ್ಲಿದ್ದ ಮಾವ ಮಾತ್ರ ನಗಲಿಲ್ಲ. ತಗ್ಗಿದ ಧ್ವನಿಯಲ್ಲಿ, "ಇವರಿಗೆಲ್ಲ ಹಗಲೇ ಕಾಣುತ್ತದೆ. ನನಗೆ ರಾತ್ರಿಯೂ ಕಾಣುವುದಿಲ್ಲ, ಮಾರಾಯ" ಎಂದರು.

ಊಟವಾದ ಮೇಲೆ ವೀಳ್ಯದೆಲೆಯ ಹರಿವಾಣದ ಮುಂದೆ ಕುಳಿತು ಸಂಗತಿಯನ್ನು ಹೇಳಿದರು. ಬಿಸುವಿನ ಮರುದಿನ ರಾತ್ರಿ ಅಂಗಳಕ್ಕೆ ಹೋಗಿದ್ದರಂತೆ. ವಸಿಷ್ಠ ಮಸುಕಾಗಿ ಕಂಡ, ಅರುಂಧತಿ ಇಲ್ಲ. ಕನ್ನಡಕ ಒರೆಸಿ ನೋಡಿದರು, ಇಲ್ಲ. ಮುಂದಿನ ಮೂರು ರಾತ್ರಿಯೂ ನೋಡಿದರು. ಆಮೇಲೆ ನೋಡುವುದನ್ನೇ ಬಿಟ್ಟರು, ಯಾರಿಗೂ ಹೇಳಲಿಲ್ಲ.

ಹೇಳದಿದ್ದುದಕ್ಕೆ ಕಾರಣವಿತ್ತು. ಆಯುಸ್ಸು ಮುಗಿಯುತ್ತ ಬಂದವರಿಗೆ ಆರಿದ ದೀಪದ ವಾಸನೆ ತಿಳಿಯದು, ಹಿತೈಷಿಗಳ ಮಾತು ಕಿವಿಗೆ ಬೀಳದು, ಅರುಂಧತಿ ಕಣ್ಣಿಗೆ ಕಾಣಳು ಎಂಬ ಅರ್ಥದ ಒಂದು ಹಳೆಯ ಸಂಸ್ಕೃತ ಸುಭಾಷಿತವಿದೆ. ಹಿರಿಯರ ಬಾಯಲ್ಲಿ ಅದು ಇನ್ನಷ್ಟು ಖಚಿತವಾಗಿ, 'ಆರು ತಿಂಗಳು' ಎಂಬ ಗಡುವನ್ನೂ ಸೇರಿಸಿಕೊಂಡಿದೆ. ಮಾವ ಲೆಕ್ಕ ಹಾಕಿದ್ದರು: ಏಪ್ರಿಲಿನಿಂದ ಅಕ್ಟೋಬರ್. ಅತ್ತೆ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. "ಹೆದರಿಕೆ ಏನೂ ಇಲ್ಲ. ಆದರೆ ಬಾಳೆಗೊನೆ ಕಡಿಯುವ ಮೊದಲು ಹೇಳಬೇಕಲ್ಲ, ಹಾಗೆ" ಎಂದರು. ಅದು ಅವರ ಮಾತಿನ ರೀತಿ. ಕೈಯಲ್ಲಿದ್ದ ಅಡಿಕೆಹೋಳು ಸುಣ್ಣದ ಡಬ್ಬಿಯೊಳಗೆ ಬಿದ್ದುದನ್ನು ಅವರು ಗಮನಿಸಲಿಲ್ಲ.

ಅರುಂಧತಿ ನಾಲ್ಕನೆಯ ದರ್ಜೆಯ ಕಾಂತಿಯ ನಕ್ಷತ್ರ. ವಸಿಷ್ಠನಿಂದ ಅವಳಿಗಿರುವ ಅಂತರ ಹನ್ನೆರಡು ಕಲೆ. ಎಂದರೆ ಹುಣ್ಣಿಮೆಯ ಚಂದ್ರನ ಅಗಲದ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಇದನ್ನು ಬಿಡಿಸಿ ಕಾಣುವುದು ಕಣ್ಣಿನ ಆರೋಗ್ಯದ ಪರೀಕ್ಷೆಯೇ ಹೊರತು ಆಯುಸ್ಸಿನದಲ್ಲ. ಸುಭಾಷಿತಕಾರನ ಕಾಲದಲ್ಲಿ ಬಹುಶಃ ಎರಡರ ನಡುವೆ ಅಷ್ಟು ಅಂತರವಿರಲಿಲ್ಲ. ಮಾವನನ್ನು ಮರುವಾರವೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಎರಡು ಕಣ್ಣಿಗೂ ಪೊರೆ. ಜೂನಿನಲ್ಲಿ ಒಂದು, ಜುಲೈಯಲ್ಲಿ ಇನ್ನೊಂದು ಶಸ್ತ್ರಚಿಕಿತ್ಸೆಯಾಗಿ, ಹಳೆಯ ಮಸೂರದ ಜಾಗಕ್ಕೆ ಹೊಸದು ಬಂತು.

ಕಣ್ಣು ಬಂತು, ಆಕಾಶ ಹೋಯಿತು! ಜುಲೈ ತಿಂಗಳ ಕಡಬದ ಮಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ಬಿಡುವ ಅಕ್ಟೋಬರಿನಲ್ಲಾದರೂ ಕಾಣಬಹುದೇ ಎಂದರೆ, ಆಗ ಸಪ್ತರ್ಷಿಗಳು ಸೂರ್ಯನ ಜೊತೆಜೊತೆಗೇ ಹುಟ್ಟಿ ಮುಳುಗುವ ಕಾಲ. ಬೆಳಗಿನ ಜಾವದ ಬಾನಿನಲ್ಲಿ ಮರದ ತುದಿಯಿಂದ ಮೇಲೆ ಬರಬೇಕಾದರೆ ಡಿಸೆಂಬರ್ ಆಗಬೇಕು. ಗಡುವು ಮುಗಿಯುವುದು ಅಕ್ಟೋಬರಿಗೆ. ಮಾವ ಈ ಲೆಕ್ಕವನ್ನೂ ಹಾಕಿದ್ದರೆಂದು ಬೇರೆ ಹೇಳಬೇಕೇ?

ಹೀಗಾಗಿ ಆ ಮಳೆಗಾಲದ ಶನಿವಾರಗಳಲ್ಲಿ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ನಾನು ಕಡಬಕ್ಕೆ ಹೋಗತೊಡಗಿದೆ. ವಿದ್ಯುತ್ತು ಇದ್ದರೂ ಇಲ್ಲದಿದ್ದರೂ ಎರಡು ಗಂಟೆ ನಡೆಯುತ್ತಿತ್ತು. ಚಾವಡಿಯ ಕತ್ತಲೆಯಲ್ಲಿ ಪರದೆ ತೆರೆದಾಗ ಮಾವನ ಮೊದಲ ಮಾತು, "ಇದೇನು, ನಕ್ಷತ್ರಗಳು ಇಷ್ಟು ನೀಲಿ?" ಪೊರೆಯು ವರ್ಷಗಟ್ಟಲೆ ಎಲ್ಲದಕ್ಕೂ ಹಳದಿ ಬಳಿದಿರುತ್ತದೆ, ಅದನ್ನು ತೆಗೆದ ಮೇಲೆ ಬಿಳಿ ಪಂಚೆಯೂ ನೀಲಿ ಕೊಟ್ಟಂತೆ ಕಾಣುತ್ತದೆಯಂತೆ. ಎರಡನೆಯ ಮಾತು ಅಧ್ಯಾಪಕರದು: "ಈ ಚುಕ್ಕೆಗಳನ್ನು ಇಟ್ಟವರು ಯಾರು? ಅಂದಾಜಿಗೆ ಇಟ್ಟದ್ದೋ, ಅಳೆದು ಇಟ್ಟದ್ದೋ?"

ಅಳೆದು ಇಟ್ಟದ್ದು. ಯೂರೋಪಿನವರು 1989ರಲ್ಲಿ ಹಾರಿಸಿದ ಹಿಪ್ಪಾರ್ಕೋಸ್ ಎಂಬ ಉಪಗ್ರಹ ಒಂದು ಲಕ್ಷದ ಹದಿನೆಂಟು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನವನ್ನು ಅಳೆಯಿತು. ಪಟ್ಟಿ ಪ್ರಕಟವಾದದ್ದು 1997ರಲ್ಲಿ. ಆಮೇಲೆ ಬಂದ ಗಾಯಾ 2013ರ ಡಿಸೆಂಬರಿನಲ್ಲಿ ಹೊರಟು 2025ರ ಜನವರಿಯವರೆಗೆ ಅಳತೆಯ ಕೆಲಸ ಮಾಡಿ, ನೂರು ಕೋಟಿಗೂ ಮೀರಿದ ನಕ್ಷತ್ರಗಳ ಲೆಕ್ಕ ಒಪ್ಪಿಸಿತು. ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆ ಅದು ಎಲ್ಲಿದೆ ಎಂಬುದರ ಜೊತೆಗೆ ವರ್ಷಕ್ಕೆ ಎಷ್ಟು, ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದೂ ಇದೆ. ಇದಕ್ಕೆ ನಿಜಚಲನೆಯೆಂದು ಹೆಸರು. ತಂತ್ರಾಂಶ ಮಾಡುವುದು ಗುಣಾಕಾರ: ಇಷ್ಟು ವರ್ಷಕ್ಕೆ ಇಷ್ಟು ಸರಿದರೆ ಅಷ್ಟು ವರ್ಷಕ್ಕೆ ಎಷ್ಟು? ಮಾವ ಐದನೆಯ ತರಗತಿಗೆ ಕಲಿಸುತ್ತಿದ್ದ ತ್ರೈರಾಶಿಯೇ.

"ಸರಿಯುತ್ತಿದೆ" ಎಂಬ ಮಾತು ಅವರಿಗೆ ಹಿಡಿಸಲಿಲ್ಲ. ಗ್ರಹಗಳು ಚಲಿಸುತ್ತವೆ, ನಕ್ಷತ್ರಗಳು ಚಲಿಸುವುದಿಲ್ಲ ಎಂದು ಮೂವತ್ತೈದು ವರ್ಷ ಪಾಠ ಹೇಳಿದವರು. ಅವರೊಬ್ಬರೇ ಅಲ್ಲ, 1718ರವರೆಗೆ ಲೋಕವೆಲ್ಲ ಹಾಗೆಂದೇ ತಿಳಿದಿತ್ತು. ಆ ವರ್ಷ ಎಡ್ಮಂಡ್ ಹ್ಯಾಲಿ, ಗ್ರೀಕರು ಹದಿನೆಂಟು ಶತಮಾನಗಳ ಹಿಂದೆ ಬರೆದಿಟ್ಟ ಸ್ಥಾನಗಳನ್ನು ತನ್ನ ಕಾಲದ ಸ್ಥಾನಗಳೊಂದಿಗೆ ಹೋಲಿಸಿ, ಲುಬ್ಧಕ, ಸ್ವಾತಿ, ರೋಹಿಣಿ ಇವು ಇದ್ದಲ್ಲಿಲ್ಲವೆಂದು ಸಾರಿದ. ಸ್ವಾತಿಯದು ಭಾರೀ ಅವಸರ, ವರ್ಷಕ್ಕೆ 2.28 ವಿಕಲೆ. ಕವಿಗಳು ಸ್ವಾತಿಯ ಮಳೆಹನಿಯನ್ನು ಚಿಪ್ಪಿನೊಳಗೆ ಮುತ್ತಾಗಿಸುವುದರಲ್ಲಿ ಮಗ್ನರಾಗಿದ್ದಾಗ ಸ್ವಾತಿ ತನ್ನ ಪಾಡಿಗೆ ನಡೆಯುತ್ತಲೇ ಇತ್ತು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದ ಕಾಲದಿಂದ ಈಚೆಗೆ ಅದು ಒಂದೂವರೆ ಚಂದ್ರಬಿಂಬದಷ್ಟು ಜರುಗಿದೆಯೆಂದು ಗುಣಿಸಿ ನೋಡಿದಾಗ, ನನಗೆ ಹಳಗನ್ನಡ ಎಷ್ಟು ಹಳತೆಂಬುದು ಮೊದಲ ಬಾರಿಗೆ ಕಣ್ಣಿಗೆ ಕಟ್ಟಿತು. ತರಗತಿಯಲ್ಲಿ ಇದನ್ನು ಹೇಳಿದೆ. ಪರೀಕ್ಷೆಗೆ ಬರುತ್ತದೆಯೇ ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ತಂತ್ರಾಂಶದಲ್ಲಿ ಸಾವಿರ ಸಾವಿರ ವರ್ಷಗಳನ್ನು ದಾಟಿಸಿದರೆ ಮೊದಲು ಕಾಣುವುದು ನಿಜಚಲನೆಯಲ್ಲ; ಇಡೀ ಬಾನೇ ಗಿರ್ರನೆ ತಿರುಗುವುದು. ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಯಲ್ಲಿ ರಥದ ಮೇಲೆ ಕುಳಿತವನಿಗೆ ಗದ್ದೆಯ ಅಂಗಡಿಸಾಲೆಲ್ಲ ಹಿಂದಕ್ಕೆ ಹೋಗುವಂತೆ ತೋರುತ್ತದಲ್ಲ, ಹಾಗೆ. ಚಲಿಸುವುದು ರಥ. ನಮ್ಮ ಭೂಮಿಯೂ ಬುಗುರಿಯಂತೆ ತನ್ನ ಅಕ್ಷವನ್ನು ಸುಮಾರು ಇಪ್ಪತ್ತಾರು ಸಾವಿರ ವರ್ಷಕ್ಕೊಮ್ಮೆ ಸುತ್ತಿಸುತ್ತದೆ. ಪಂಚಾಂಗದವರು ಹೇಳುವ ಅಯನಚಲನೆ ಇದೇ. ಇದರಿಂದಾಗಿ ಧ್ರುವಪದವಿಯೂ ಶಾಶ್ವತವಲ್ಲ. ಕ್ರಿ. ಪೂ. 2800ರ ಸುಮಾರಿಗೆ ಆ ಸ್ಥಾನದಲ್ಲಿದ್ದುದು ಥೂಬನ್ ಎಂಬ ಬೇರೊಂದು ನಕ್ಷತ್ರ. ಆದರೆ ಜಾತ್ರೆಯ ಗದ್ದೆಯಲ್ಲಿ ಕೆಲವರು ತಮ್ಮ ಕಾಲ ಮೇಲೆ ತಾವೇ ನಡೆಯುತ್ತಲೂ ಇರುತ್ತಾರೆ. ಅದನ್ನು ಕಾಣಬೇಕಾದರೆ ರಥದ ಓಟವನ್ನು ಕಳೆಯಬೇಕು. ಸಪ್ತರ್ಷಿಗಳ ಮೇಲೆ ನೋಟವನ್ನು ನೆಟ್ಟು, ಅವರು ಪರದೆಯ ನಡುವಿನಿಂದ ಕದಲದಂತೆ ಮಾಡಿ, ಆಮೇಲೆ ವರ್ಷವನ್ನು ಓಡಿಸಿದೆ.

ಐದು ಸಾವಿರ ವರ್ಷ. ವ್ಯತ್ಯಾಸ ಕಣ್ಣಿಗೆ ಹತ್ತದು. ಇಪ್ಪತ್ತು ಸಾವಿರ. ಮಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಐವತ್ತು ಸಾವಿರದಲ್ಲಿ ಸೌಟಿನ ಬಟ್ಟಲಿನ ಬಾಯಿ ಹಿಗ್ಗಿ, ಹಿಡಿಯ ತುದಿ ಮಡಚಿಕೊಳ್ಳತೊಡಗಿತು. ಒಂದು ಲಕ್ಷ ವರ್ಷಕ್ಕೆ ಬಂದಾಗ ಅದು ಸೌಟಾಗಿ ಉಳಿಯಲಿಲ್ಲ. ಮೊದಲಿನ ಕ್ರತು ಒಂದು ಕಡೆಗೆ ದೂರ ಸರಿದಿದ್ದ. ಕೊನೆಯ ಮರೀಚಿ ಹಿಂದಿರುಗಿ ಬರುತ್ತಿದ್ದ. ನಡುವಿನ ಐವರು ಮಾತ್ರ ಸಾಲು ಕೆಡದೆ ಒಟ್ಟಿಗೆ ಪೂರ್ವಕ್ಕೆ ನಡೆಯುತ್ತಿದ್ದರು. ಈ ಐವರ ನಡಿಗೆ ಒಂದೇ ಎಂಬುದನ್ನು 1869ರಲ್ಲಿಯೇ ಇಂಗ್ಲೆಂಡಿನ ರಿಚರ್ಡ್ ಪ್ರಾಕ್ಟರ್ ಗುರುತಿಸಿದ್ದ. ಒಂದೇ ಮನೆಯಲ್ಲಿ ಹುಟ್ಟಿದವರು. ನಮ್ಮಿಂದ ಸುಮಾರು ಎಂಬತ್ತು ಜ್ಯೋತಿರ್ವರ್ಷ ದೂರದಲ್ಲಿ ಈಗಲೂ ಜೊತೆಯಾಗಿಯೇ ಸಾಗುತ್ತಿರುವರು. ಕ್ರತು, ಮರೀಚಿಗಳು ಆ ಮನೆಯವರಲ್ಲ. ದಾರಿಯಲ್ಲಿ ಕಂಡವರು, ಹಿಂದೆ ಮುಂದೆ ನಿಂತದ್ದರಿಂದ ಒಂದೇ ಚಿತ್ರದಲ್ಲಿ ಸಿಕ್ಕಿಕೊಂಡವರು. ಮದುವೆಯ ಫೋಟೋಗಳಲ್ಲಿಯೂ ಅಂಥವರು ಇಬ್ಬರಾದರೂ ಇರುತ್ತಾರೆ.

"ಅವಳೆಲ್ಲಿ?" ಎಂದರು ಮಾವ.

ವಸಿಷ್ಠನನ್ನು ದೊಡ್ಡದು ಮಾಡಿ ತೋರಿಸಿದೆ. ಲಕ್ಷ ವರ್ಷದ ಆಚೆಯೂ ಅರುಂಧತಿ ಅವನ ಬದಿಯಲ್ಲಿಯೇ ಇದ್ದಳು. ಇಬ್ಬರೂ ವರ್ಷಕ್ಕೆ ಒಂದು ವಿಕಲೆಯ ಎಂಟರಲ್ಲೊಂದು ಪಾಲಿನಷ್ಟು ಸರಿಯುತ್ತಾರೆ. ಹದಿನೈದು ಸಾವಿರ ವರ್ಷ ನಡೆದರೆ ಒಂದು ಚಂದ್ರಬಿಂಬದ ದಾರಿ ಸಂದೀತು. ಹೆಜ್ಜೆಯಲ್ಲಿ ಅತ್ಯಲ್ಪ ವ್ಯತ್ಯಾಸವಿದೆ. ದೂರದರ್ಶಕ ಇವರನ್ನು ಇಬ್ಬರೆಂದೂ ಬಿಡಲಿಲ್ಲ. ವಸಿಷ್ಠನೇ ಎರಡೆಂದು ಹದಿನೇಳನೆಯ ಶತಮಾನದಲ್ಲಿ ಕಂಡಿತು. ಆ ಎರಡೂ ಒಂದೊಂದು ಜೋಡಿಯೆಂದು ಬಳಿಕ ತಿಳಿಯಿತು. ಅರುಂಧತಿಗೂ ಒಂದು ಮಂಕು ಜೊತೆಗಾತಿ ಇರುವುದು ಗೊತ್ತಾದದ್ದು 2009ರಲ್ಲಿ. ಒಟ್ಟು ಆರು ಮಂದಿಯ ತುಂಬಿದ ಸಂಸಾರ.

"ಇವರಿಬ್ಬರ ನಡುವೆ ನಿಜವಾಗಿ ಎಷ್ಟು ದೂರ?"

ಸುಮಾರು ಒಂದು ಜ್ಯೋತಿರ್ವರ್ಷ ಎಂದೆ. ಬೆಳಕಿಗೇ ಒಂದು ವರ್ಷದ ಹಾದಿ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಇವನು ಕೂಗಿದರೆ ಅವಳು ಓಗೊಟ್ಟದ್ದು ಕೇಳಲು ಎರಡು ವರ್ಷ" ಎಂದರು. ಆಮೇಲೆ ಎದ್ದು ಹೋಗಿ, ಮಳೆನೀರು ಒಳಗೆ ಎರಚುತ್ತಿದ್ದ ಕಿಟಕಿಯನ್ನು ಮುಚ್ಚಿ ಬಂದರು.

ಮುಂದಿನ ಶನಿವಾರ ಕೃತ್ತಿಕೆಯನ್ನು ನೋಡಿದೆವು. ಕುಕ್ಕೆಯ ನೆರೆಯವರಿಗೆ ಅದು ಮನೆಯ ವಿಷಯ; ಕುಮಾರನಿಗೆ ಹಾಲೂಡಿದ ಆರು ತಾಯಂದಿರು. ಅವರೂ ಒಟ್ಟಿಗೇ ನಡೆಯುವವರು. ನಾನೂರ ನಲವತ್ತು ಜ್ಯೋತಿರ್ವರ್ಷ ದೂರದಲ್ಲಿರುವುದರಿಂದ ನಡಿಗೆ ಇನ್ನೂ ನಿಧಾನವೆಂದು ಕಾಣುತ್ತದೆ. ಅವರನ್ನು ಎಷ್ಟು ಸಾವಿರ ವರ್ಷ ಓಡಿಸಿದರೂ ಗುಂಪು ಚದರಲಿಲ್ಲವೆಂದು ಮಾವನಿಗೆ ಸಂತೋಷವಾಯಿತು.

ಆ ಸಂತೋಷವನ್ನು ಕೆಡಿಸಿದ್ದು ನೆಂಟರೊಬ್ಬರು ಅವರ ಮೊಬೈಲಿಗೆ ಕಳುಹಿಸಿದ ಒಂದು ಭಾಷಣ. ಮಹಾಭಾರತದ ಭೀಷ್ಮಪರ್ವದಲ್ಲಿ, ಯುದ್ಧಕ್ಕೆ ಮುಂಚೆ, ವ್ಯಾಸರು ಧೃತರಾಷ್ಟ್ರನಿಗೆ ಅಪಶಕುನಗಳನ್ನು ಹೇಳುತ್ತಾರೆ. ಅದರಲ್ಲೊಂದು, ಅರುಂಧತಿ ವಸಿಷ್ಠನನ್ನು ಹಿಂದಿಕ್ಕಿ ಮುಂದೆ ನಡೆದಳೆಂಬುದು. ಇಂದು ಉತ್ತರದ ಬಾನಿನಲ್ಲಿ ವಸಿಷ್ಠ ಮಧ್ಯರೇಖೆಯನ್ನು ದಾಟಿದ ಸುಮಾರು ಒಂದೂಕಾಲು ನಿಮಿಷದ ಬಳಿಕ ಅರುಂಧತಿ ದಾಟುತ್ತಾಳೆ. ನೀಲೇಶ್ ಓಕ್ ಎಂಬವರು 2011ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥದೇ ಒಂದು ತಂತ್ರಾಂಶದಲ್ಲಿ ಕಾಲವನ್ನು ಹಿಂದಕ್ಕೋಡಿಸಿ, ಕ್ರಿ. ಪೂ. 11091ರಿಂದ 4508ರವರೆಗೆ ಅವಳೇ ಮುಂದಿದ್ದಳೆಂದೂ, ಆದ್ದರಿಂದ ಯುದ್ಧ ನಡೆದದ್ದು ಆ ಅವಧಿಯೊಳಗೆ, ಕ್ರಿ. ಪೂ. 5561ರಲ್ಲಿ ಎಂದೂ ವಾದಿಸಿದ್ದಾರೆ. ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ನರಹರಿ ಆಚಾರ್ ಅವರು ಅದೇ ಮಹಾಭಾರತವನ್ನೂ ಅಂಥದೇ ತಂತ್ರಾಂಶವನ್ನೂ ಇಟ್ಟುಕೊಂಡು, ಗ್ರಹಸ್ಥಿತಿಗಳ ಆಧಾರದಿಂದ ಕ್ರಿ. ಪೂ. 3067 ಎಂದು ಸಾಧಿಸಿದವರು. ಎರಡು ಲೆಕ್ಕಗಳ ನಡುವೆ ಎರಡೂವರೆ ಸಾವಿರ ವರ್ಷಗಳ ಅಂತರ! ಯಂತ್ರವು ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ; ಪ್ರಶ್ನೆ ಸರಿಯೇ ಎಂದು ಹೇಳುವ ಹೊಣೆ ಅದರದಲ್ಲ.

ಮಾವನಿಗೆ ವರ್ಷಗಳ ಜಗಳ ಬೇಡವಾಗಿತ್ತು. "ಅವಳು ಬಿಟ್ಟು ಹೋಗಿದ್ದಳೇ, ಇಲ್ಲವೇ?" ಎಂಬುದಷ್ಟೇ ಪ್ರಶ್ನೆ. ತಾಳಮದ್ದಳೆಯಲ್ಲಿ ಎಷ್ಟೋ ಸಲ ವ್ಯಾಸನ ಅರ್ಥ ಹೇಳಿದವರು; ಈ ಶಕುನವನ್ನು ಬಾಯಾರೆ ನುಡಿದಿದ್ದರೂ ಇಂದಿನವರೆಗೆ ಅದು ಅವರನ್ನು ತಾಗಿರಲಿಲ್ಲ.

ಹಿಂದಕ್ಕೆ ಓಡಿಸಿ ನೋಡಿದೆವು. ಹೌದು, ಕ್ರಿ. ಪೂ. 6000ದ ಸುಮಾರಿಗೆ ಮಧ್ಯರೇಖೆಯನ್ನು ಮೊದಲು ದಾಟುವವಳು ಅವಳೇ. ಆದರೆ ಕಾಗದದ ಮೇಲೆ ಗುಣಾಕಾರ ಮಾಡಿದರೆ ಬೇರೊಂದು ಸಂಗತಿ ಹೊರಬರುತ್ತದೆ. ಇಬ್ಬರ ನಿಜಚಲನೆಗಳ ವ್ಯತ್ಯಾಸ ವರ್ಷಕ್ಕೆ ಒಂದು ವಿಕಲೆಯ ನೂರರಲ್ಲೊಂದು ಪಾಲಿಗಿಂತ ಕಡಮೆ. ಏಳು ಸಾವಿರ ವರ್ಷಕ್ಕೆ ಗುಣಿಸಿದರೂ ಒಂದು ಕಲೆಯ ಆಸುಪಾಸು. ಅವರ ನಡುವಿನ ಅಂತರವೇ ಹನ್ನೆರಡು ಕಲೆ! ಇಷ್ಟರಿಂದ ಹಿಂದಿದ್ದವಳು ಮುಂದೆ ಬರಲಾರಳು. ಹಾಗಾದರೆ ಮುಂದಾದದ್ದು ಹೇಗೆ? ಧ್ರುವಬಿಂದು ಸರಿದದ್ದರಿಂದ. ಅಯನಚಲನೆಯಿಂದ ಆ ಬಿಂದು ಆಗ ಇವರ ಇನ್ನೊಂದು ಬದಿಗಿತ್ತು. ಆದ್ದರಿಂದ ಬಾನು ಸುತ್ತುವ ದಿಕ್ಕಿಗೆ ಅರುಂಧತಿ ಮೊದಲು ಸಿಕ್ಕಿದಳು. ಚಾವಡಿಯಲ್ಲಿ ಗಂಡಹೆಂಡಿರು ಕುಳಿತಿದ್ದಾರೆ ಎನ್ನಿ. ಮೂಡಣ ಬಾಗಿಲಿನಿಂದ ಬಂದವನಿಗೆ ಗಂಡ ಮೊದಲು, ಪಡುವಣ ಬಾಗಿಲಿನಿಂದ ಬಂದವನಿಗೆ ಹೆಂಡತಿ ಮೊದಲು. ಅವರು ಕುಳಿತಲ್ಲಿಂದ ಏಳಲೇ ಇಲ್ಲ.

ವ್ಯಾಸರ ಆ ಪಟ್ಟಿಯಲ್ಲಿಯೇ ಹಸುಗಳಲ್ಲಿ ಕತ್ತೆಗಳು ಹುಟ್ಟಿದವೆಂಬುದೂ ಇದೆ. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗನಿಸುವುದು ಇಷ್ಟು: ನಡೆಯಬಾರದ್ದೆಲ್ಲ ನಡೆಯಿತು ಎನ್ನುವಾಗ ಕವಿ ಆಯ್ದುಕೊಳ್ಳುವುದು, ಎಂದೂ ನಡೆಯದೆಂದು ಕೇಳುವವರೆಲ್ಲರೂ ಒಪ್ಪಿರುವ ಸಂಗತಿಗಳನ್ನು. ಕತ್ತೆಯನ್ನು ಅಲಂಕಾರವೆಂದು ಬದಿಗಿಟ್ಟು, ಅರುಂಧತಿಯೊಬ್ಬಳನ್ನು ವೀಕ್ಷಣೆಯೆಂದು ಯಂತ್ರಕ್ಕೆ ಹಾಕುವುದು ನನಗೆ ಒಪ್ಪಿಗೆಯಾಗದು. ಒಪ್ಪುವ ವಿದ್ವಾಂಸರಿದ್ದಾರೆ, ಅವರ ಶ್ರಮವನ್ನು ನಾನು ಹಗುರಾಗಿ ಕಾಣುವುದಿಲ್ಲ. ಮಾವನಿಗೆ ಈ ವಿವೇಚನೆಯೆಲ್ಲ ಬೇಕಾಗಿರಲಿಲ್ಲ. ಗುಣಾಕಾರದ ಕಾಗದವನ್ನು ಕೇಳಿ ತೆಗೆದುಕೊಂಡು, ತಾವೇ ಇನ್ನೊಮ್ಮೆ ಗುಣಿಸಿ, ಸರಿಯಿದೆಯೆಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಪಂಚಾಂಗದ ಒಳಗಿಟ್ಟರು.

ಅಕ್ಟೋಬರ್ ಬಂತು. ಆ ತಿಂಗಳ ನಾಲ್ಕು ಶನಿವಾರವೂ ಹೋದೆ. ಯಾರೂ ಗಡುವಿನ ಮಾತೆತ್ತಲಿಲ್ಲ. ಅಡಿಕೆಗೆ ಕೊಳೆರೋಗ ಬಂದುದರ ಬಗ್ಗೆ, ಕೊಯ್ಲಿಗೆ ಜನ ಸಿಗದುದರ ಬಗ್ಗೆ ಮಾತಾಡಿದೆವು. ತಿಂಗಳ ಕೊನೆಯ ದಿನ ಮಾವ ಫೋನ್ ಮಾಡಿ, ತೋಟಕ್ಕೆ ನಲವತ್ತು ಅಡಿಕೆ ಸಸಿಗಳನ್ನು ಹೇಳಿದ್ದೇನೆ, ನಿಮ್ಮ ಕಡೆಯಿಂದ ಜೀಪು ಸಿಗಬಹುದೇ ಎಂದು ಕೇಳಿದರು. ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು.

ಡಿಸೆಂಬರಿನ ಎರಡನೆಯ ವಾರ ನಾನು ಅಲ್ಲಿಯೇ ಉಳಿದಿದ್ದೆ. ಬೆಳಗ್ಗೆ ಐದೂವರೆಗೆ ಅರುಂಧತಿ ಈಶಾನ್ಯದಲ್ಲಿ ಮೂವತ್ತು ಡಿಗ್ರಿಯ ಮೇಲೆ ಇರುವಳೆಂದು ಹಿಂದಿನ ರಾತ್ರಿಯೇ ಪರದೆಯಲ್ಲಿ ನೋಡಿಟ್ಟಿದ್ದೆವು. ಬೆಳಗ್ಗೆ ನಾನೇಳುವಾಗ ಮಾವನ ಹಾಸಿಗೆ ಬರಿದಾಗಿತ್ತು. ಅಂಗಳಕ್ಕೆ ಬಂದೆ. ಹರಡಿದ ಅಡಿಕೆಯ ಮೇಲೆ ಇಬ್ಬನಿ, ತಲೆಗೆ ಮಫ್ಲರ್ ಸುತ್ತಿಕೊಂಡು ಮಾವ ಬಾವಿಕಟ್ಟೆಯ ಬಳಿ ನಿಂತಿದ್ದರು. ಮರಗಳ ನಡುವಿನ ಬಾನು ಕಪ್ಪಗೆ, ತಿಳಿಯಾಗಿ ಇತ್ತು.

"ಕಂಡಳೇ, ಮಾವ?" ಎಂದೆ.

ಅವರು ಉತ್ತರ ಕೊಡಲಿಲ್ಲ. ಮೇಲೆ ನೋಡುತ್ತಲೇ ಕೈಯನ್ನು ಹಿಂದಕ್ಕೆ ಚಾಚಿದರು. ಅಂಗೈಯಲ್ಲಿ ಒಂದು ತುಂಡು ಬೆಲ್ಲವಿತ್ತು.